ಮಂಟಪದ ನೆರಳು, ಅಂಗಳದ ಬಿಸಿಲು: ಎಚ್‌ಡಿಆರ್‌ಗೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಆವನಿಯ ರಾಮಲಿಂಗೇಶ್ವರ ದೇವಸ್ಥಾನಗಳ ಬಗ್ಗೆ ಮಕ್ಕಳಿಗೆ ಒಂದು ಚಿಕ್ಕ ಪುಸ್ತಕ ಮಾಡುತ್ತಿದ್ದೇನೆ. ನನ್ನ ಹತ್ತಿರ ಕ್ಯಾನನ್‌ನ ಸಾಧಾರಣ ಡಿಎಸ್‌ಎಲ್‌ಆರ್ ಇದೆ. ಮಂಟಪದ ಒಳಗೆ ನಿಂತು ತೆಗೆದರೆ ಹೊರಗಿನ ಅಂಗಳ ಪೂರ್ತಿ ಬಿಳಿಯಾಗುತ್ತದೆ. ಅಂಗಳ ಸರಿ ಬಂದರೆ ಕಂಬಗಳು ಕಪ್ಪಾಗುತ್ತವೆ. ಅದಕ್ಕೆ ಒಂದೇ ಜಾಗದಿಂದ ಕಡಿಮೆ, ಮಧ್ಯಮ, ಜಾಸ್ತಿ ಬೆಳಕಿನಲ್ಲಿ ಮೂರು ಮೂರು ಫೋಟೊ ತೆಗೆದಿದ್ದೇನೆ. ಇವನ್ನು ಸೇರಿಸಲು ಅಳಿಯ ಲೈಟ್‌ರೂಮ್ ಅನ್ನುತ್ತಾನೆ. ಸ್ಟುಡಿಯೊದವರು ಫೋಟೊಮ್ಯಾಟಿಕ್ಸ್ ಅನ್ನುತ್ತಾರೆ. ಯೂಟ್ಯೂಬ್ ನೋಡಿದರೆ ದಿನಕ್ಕೊಂದು ಹೆಸರು. ತಿಂಗಳು ತಿಂಗಳು ದುಡ್ಡು ಕಟ್ಟುವುದು ನನಗೆ ಆಗದ ಮಾತು. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ. ಯಾವುದನ್ನು ಕೊಳ್ಳಲಿ ಹೇಳಮ್ಮ.
— ಓದುಗರು, ಮುಳಬಾಗಿಲು

ಉತ್ತರ: ಮೇಷ್ಟ್ರೇ, ಈಗಲೇ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಡಿ. ಕ್ಯಾನನ್ ಕಂಪನಿ ತನ್ನ ಕ್ಯಾಮೆರಾ ಇರುವವರಿಗೆ ಡಿಜಿಟಲ್ ಫೋಟೊ ಪ್ರೊಫೆಷನಲ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಕೊಡುತ್ತದೆ. ಅವರ ವೆಬ್‌ಸೈಟಿನಿಂದ ಇಳಿಸಿಕೊಳ್ಳಬಹುದು. ಅದರ 4ನೇ ಆವೃತ್ತಿಯಲ್ಲಿ ಎಚ್‌ಡಿಆರ್ ಟೂಲ್ ಅಂತ ಒಂದಿದೆ. ಎಚ್‌ಡಿಆರ್ ಎಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಫೋಟೊಗಳನ್ನು ಸೇರಿಸಿ ಒಂದು ಮಾಡುವುದು. ಈ ಟೂಲ್ ಮೂರು ಫೋಟೊಗಳವರೆಗೆ ಸೇರಿಸುತ್ತದೆ. ನೀವು ತೆಗೆದಿರುವುದೂ ಮೂರು ಮೂರೇ ಅಲ್ವಾ? ಅದರಲ್ಲಿ ನ್ಯಾಚುರಲ್ ಎಂಬ ಆಯ್ಕೆ ಇಟ್ಟುಕೊಳ್ಳಿ. ಆರ್ಟ್ ಎಂದು ಶುರುವಾಗುವ ಉಳಿದ ಆಯ್ಕೆಗಳ ತಂಟೆಗೆ ಹೋಗಬೇಡಿ. ಚಿಕ್ಕ ಪುಸ್ತಕಕ್ಕೆ ಬಹುಶಃ ಇದೇ ಸಾಕಾಗುತ್ತದೆ.

ಸಾಕಾಗದಿದ್ದರೆ ಮಾತ್ರ ಫೋಟೊಮ್ಯಾಟಿಕ್ಸ್ ಕಡೆ ಹೋಗಿ. ಅದಕ್ಕೆ ಒಂದೇ ಸಲ ದುಡ್ಡು ಕೊಟ್ಟರೆ ಆಯಿತು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಕೆಲಸ ಕಲ್ಲಿನ ಕೆತ್ತನೆಯದ್ದು. ಅಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ಅದನ್ನು ನೀವು ಮಾಡಬಾರದು.

ನಾನು ಚಿಕ್ಕಬಳ್ಳಾಪುರದವಳು. ಅಪ್ಪನ ಸ್ಟುಡಿಯೊ ಇದ್ದದ್ದು ಬಿ.ಬಿ. ರಸ್ತೆಯಲ್ಲಿ. ಎಚ್‌ಡಿಆರ್ ಕಲಿಯಬೇಕೆಂದು ನಾನು ಮೊದಲು ಹೋದದ್ದು ನಂದಿ ಗ್ರಾಮದ ಭೋಗ ನಂದೀಶ್ವರಕ್ಕೆ. ಅಲ್ಲಿ ಉಮಾಮಹೇಶ್ವರ ಗುಡಿಯ ಮುಂದೆ ಕಲ್ಯಾಣ ಮಂಟಪ ಇದೆ. ಕರಿಕಲ್ಲಿನ ಕಂಬಗಳು, ಮೈತುಂಬ ಕೆತ್ತನೆ. ಹೊರಗೆ ಅಂಗಳದಲ್ಲಿ ಕಣ್ಣು ಬಿಡಲಾಗದ ಬಿಸಿಲು. ಅಂದು ಅಳೆದ ಲೆಕ್ಕ ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿದೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) 8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100. ಅಂಗಳಕ್ಕೆ ಶಟರ್ ಸೆಕೆಂಡಿನ 1/500. ಒಳಗಿನ ಕಂಬದ ಬುಡಕ್ಕೆ ಪೂರಾ 4 ಸೆಕೆಂಡ್. ಎರಡರ ನಡುವೆ 2000 ಪಟ್ಟು ವ್ಯತ್ಯಾಸ. ಫೋಟೊ ಭಾಷೆಯಲ್ಲಿ 11 ಸ್ಟಾಪ್. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟಾಗುವುದು ಅಥವಾ ಅರ್ಧಕ್ಕೆ ಇಳಿಯುವುದು.

ಒಟ್ಟು ಆರು ಫೋಟೊ ತೆಗೆದೆ. ಮನೆಗೆ ಬಂದು ಸೇರಿಸಿದೆ. ಸಾಫ್ಟ್‌ವೇರಿನಲ್ಲಿ ಎಳೆಯಬಹುದಾದ ಗುಂಡಿಗಳನ್ನೆಲ್ಲ ಕೊನೆಯವರೆಗೆ ಎಳೆದೆ. ಕಂಬದ ಹಿಂದಿನ ಮೂಲೆ ಕಂಡಿತು, ಛಾವಣಿಯ ಬಿರುಕು ಕಂಡಿತು, ಅಂಗಳದ ಒಂದೊಂದು ಹಾಸುಗಲ್ಲೂ ಕಂಡಿತು. ದೊಡ್ಡದಾಗಿ ಪ್ರಿಂಟ್ ಹಾಕಿ ಅಪ್ಪನ ಮುಂದೆ ಇಟ್ಟೆ. ಅವರು ತುಂಬ ಹೊತ್ತು ನೋಡಿದರು. ಆಮೇಲೆ, “ಇಲ್ನೋಡಮ್ಮ, ಕಂಬದ ಪಕ್ಕ ನೆರಳೇ ಇಲ್ಲವಲ್ಲ. ನೆರಳಿಲ್ಲದ ಮೇಲೆ ಕೆತ್ತನೆ ಎಲ್ಲಿಂದ ಕಾಣಬೇಕು?” ಅಂದರು.

ಅವರ ಮಾತು ಸರಿಯಾಗಿತ್ತು. ಕೆತ್ತನೆಯ ಆಳ ನಮಗೆ ತಿಳಿಯುವುದೇ ಅದರ ಒಂದು ಬದಿಗೆ ಬೀಳುವ ನೆರಳಿನಿಂದ. ಆ ನೆರಳನ್ನು ಪೂರ್ತಿ ತೊಳೆದುಬಿಟ್ಟರೆ ಕಲ್ಲು ಚಪ್ಪಟೆಯಾಗುತ್ತದೆ. ಬಣ್ಣ ಬಳಿದ ಹಲಗೆಯ ಹಾಗೆ ಕಾಣುತ್ತದೆ. ಅಂದಿನಿಂದ ನಾನು ಯಾವ ಸಾಫ್ಟ್‌ವೇರ್ ನೋಡಿದರೂ ಮೊದಲು ಪರೀಕ್ಷೆ ಮಾಡುವುದು ಇದನ್ನೇ. ಕತ್ತಲೆಯನ್ನು ಎಷ್ಟು ಓಡಿಸುತ್ತದೆ ಎನ್ನುವುದಕ್ಕಿಂತ, ಎಷ್ಟನ್ನು ಉಳಿಸಲು ನನಗೆ ಬಿಡುತ್ತದೆ ಎಂದು ನೋಡುತ್ತೇನೆ.

ಇದು ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಎಚ್‌ಡಿಆರ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆದರೂ ಅದರೊಳಗೆ ಎರಡು ಕೆಲಸ ಇದೆ. ಮೊದಲನೆಯದು ಸೇರಿಸುವುದು. ಮೂರೋ ಐದೋ ಫೋಟೊಗಳಲ್ಲಿ ಎಲ್ಲಿ ಯಾವುದು ಸರಿಯಾಗಿ ಬಂದಿದೆ ಎಂದು ಲೆಕ್ಕ ಹಾಕಿ, ಇಡೀ ದೃಶ್ಯದ ಬೆಳಕನ್ನು ಒಂದೇ ದೊಡ್ಡ ಫೈಲಿಗೆ ತುಂಬುವುದು. ಇದಕ್ಕೆ ಹೆಚ್ಚು ಹೆಸರಾದ ದಾರಿಯನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ತೋರಿಸಿಕೊಟ್ಟರು. ಎರಡನೆಯದು ಇಳಿಸುವುದು. ಅಷ್ಟು ಬೆಳಕನ್ನು ಪರದೆಯೂ ತೋರಿಸಲಾರದು, ಕಾಗದವೂ ತೋರಿಸಲಾರದು. ಅವುಗಳಿಗೆ ಹಿಡಿಸುವಷ್ಟಕ್ಕೆ ಅದನ್ನು ಒತ್ತಿ ಕೂರಿಸಬೇಕು. ಇದಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಸೇರಿಸುವ ಕೆಲಸವನ್ನು ಹೆಸರುವಾಸಿ ಸಾಫ್ಟ್‌ವೇರ್‌ಗಳೆಲ್ಲ ಚೆನ್ನಾಗಿಯೇ ಮಾಡುತ್ತವೆ. ಫೋಟೊ ಕೆಡುವುದು ಜಾಸ್ತಿ ಈ ಎರಡನೆಯ ಹಂತದಲ್ಲಿ. ಗೋಪುರದ ಸುತ್ತ ಆಕಾಶದಲ್ಲಿ ಬಿಳಿ ಅಂಚು ಕಾಣುತ್ತದಲ್ಲ, ಪ್ರಭಾವಳಿ ಕಟ್ಟಿದ ಹಾಗೆ, ಅದೂ ಇಲ್ಲಿಯದೇ.

ಈಗ ಒಂದೊಂದಾಗಿ ನೋಡೋಣ.

ನಿಮ್ಮ ಅಳಿಯ ಹೇಳಿದ ಲೈಟ್‌ರೂಮ್ ನಿಜಕ್ಕೂ ಒಳ್ಳೆಯದು. ನಾನು ದಿನವೂ ಬಳಸುವುದು ಅದನ್ನೇ. ಎಚ್‌ಡಿಆರ್ ಸೇರಿಸುವ ಸೌಲಭ್ಯ ಅದಕ್ಕೆ ಬಂದದ್ದು 2015ರಲ್ಲಿ. ರಾ ಫೈಲುಗಳನ್ನು, ಅಂದರೆ ಕ್ಯಾಮೆರಾ ಹಿಡಿದ ಬೆಳಕನ್ನು ತಿದ್ದದೆ ಹಾಗೇ ಇಟ್ಟ ಫೈಲುಗಳನ್ನು, ಸೇರಿಸಿ ಮತ್ತೆ ಅದೇ ಬಗೆಯ ಒಂದು ಡಿಎನ್‌ಜಿ ಫೈಲನ್ನೇ ಕೊಡುತ್ತದೆ. ಅಂದರೆ ಅದು ಮೊದಲ ಕೆಲಸವನ್ನು ಮಾಡಿ, ಎರಡನೆಯದನ್ನು ನಮ್ಮ ಕೈಗೆ ಬಿಡುತ್ತದೆ. ಸಾಮಾನ್ಯ ಫೋಟೊ ತಿದ್ದಿದ ಹಾಗೆಯೇ ನೆರಳು, ಬೆಳಕು, ಬಣ್ಣ ತಿದ್ದಬಹುದು. ಫಲಿತಾಂಶ ಶಾಂತವಾಗಿರುತ್ತದೆ. ಆದರೆ ಅದು ಚಂದಾ ಲೆಕ್ಕ. ಚಂದಾ ನಿಲ್ಲಿಸಿದರೆ ಫೋಟೊ ತಿದ್ದುವ ಭಾಗ ಮುಚ್ಚಿಹೋಗುತ್ತದೆ. ಒಂದೇ ಪುಸ್ತಕಕ್ಕಾಗಿ ನಿಮಗೆ ಅದು ಬೇಡ.

ಫೋಟೊಮ್ಯಾಟಿಕ್ಸ್ ಈ ಕೆಲಸಕ್ಕೆಂದೇ ಹುಟ್ಟಿದ ಸಾಫ್ಟ್‌ವೇರ್. 2003ರಿಂದ ಇದೆ. ಅದರ ಪ್ರಯೋಗದ ಪ್ರತಿಗೆ ದಿನಗಳ ಮಿತಿ ಇಲ್ಲ, ಫೋಟೊ ಮೇಲೆ ಅದರ ಹೆಸರಿನ ಗುರುತು ಬೀಳುತ್ತದೆ ಅಷ್ಟೆ. ಹಾಗಾಗಿ ತಿಂಗಳುಗಟ್ಟಲೆ ಆರಾಮವಾಗಿ ನೋಡಿ, ಆಮೇಲೆ ಕೊಳ್ಳಬಹುದು. ಒಂದು ಎಚ್ಚರಿಕೆ. ಅದರಲ್ಲಿ ಡೀಟೇಲ್ಸ್ ಎನ್‌ಹ್ಯಾನ್ಸರ್ ಎಂಬ ವಿಧಾನ ಇದೆ. ನಾನು ನಂದಿಯ ಕಂಬಗಳನ್ನು ಕೆಡಿಸಿದ್ದು ಅಂಥದರಿಂದಲೇ. ಕಲ್ಲಿನ ಮೇಲೆ ಅದನ್ನು ಬಳಸಲೇಬೇಕೆಂದರೆ ಅದರ ಬಲವನ್ನು ತೀರಾ ಕಡಿಮೆಗೆ ಇಳಿಸಿ. ಇಲ್ಲದಿದ್ದರೆ ಫ್ಯೂಷನ್ ಎಂಬ ವಿಧಾನ ಆರಿಸಿ. ಅದು ಪ್ರತಿ ಫೋಟೊದಲ್ಲಿ ಚೆನ್ನಾಗಿ ಬಂದ ಭಾಗಗಳನ್ನು ನಯವಾಗಿ ಬೆರೆಸುತ್ತದೆ. ಟೋನ್ ಮ್ಯಾಪಿಂಗಿನ ಗೊಡವೆಯೇ ಇಲ್ಲ. ದೇವಸ್ಥಾನದ ಒಳಾಂಗಣಕ್ಕೆ ನನಗೆ ಇದೇ ಇಷ್ಟ.

ಅಫಿನಿಟಿ ಎಂಬುದೂ ಇದೆ. ಮೊದಲು ದುಡ್ಡು ಕೊಟ್ಟು ಕೊಳ್ಳಬೇಕಿತ್ತು, 2025ರ ಅಕ್ಟೋಬರ್‌ನಿಂದ ಉಚಿತ. ಫೋಟೊ ತಿದ್ದುವುದಕ್ಕೆ ಒಳ್ಳೆಯ ಸಾಫ್ಟ್‌ವೇರ್. ಕಲಿಯಲು ಸ್ವಲ್ಪ ದಿನ ಬೇಕು.

ಆರೋರಾ ಎಚ್‌ಡಿಆರ್ ಎಂಬ ಹೆಸರನ್ನೂ ನೀವು ಯೂಟ್ಯೂಬಿನಲ್ಲಿ ಕೇಳಿರಬಹುದು. ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಅದೇ ಇತ್ತು. ಈಗ ಅದನ್ನು ಬೇರೆಯಾಗಿ ಮುಂದುವರಿಸುತ್ತಿಲ್ಲ. ಅದರ ಕೆಲಸವನ್ನು ಅದೇ ಕಂಪನಿಯ ಲುಮಿನಾರ್ ನಿಯೋ ಒಳಗೆ ಸೇರಿಸಿದ್ದಾರೆ. ಸಾಫ್ಟ್‌ವೇರುಗಳು ಹೀಗೆ ಬರುತ್ತವೆ, ಹೋಗುತ್ತವೆ. ಆದ್ದರಿಂದ ಸೇರಿಸಿ ಮುಗಿಸಿದ ಮೇಲೆ ಮೂಲದ ಮೂರು ಫೈಲುಗಳನ್ನು ದಯವಿಟ್ಟು ಅಳಿಸಬೇಡಿ. ಒಂದು ಹಾರ್ಡ್ ಡಿಸ್ಕಿನಲ್ಲಿ ಬೇರೆಯಾಗಿ ಇಡಿ. ಐದು ವರ್ಷ ಬಿಟ್ಟು ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಬಂದರೆ ಆವನಿಗೆ ಮತ್ತೆ ಹೋಗದೆ ಮತ್ತೆ ಸೇರಿಸಬಹುದು.

8 ಜಿಬಿ ರ್‍ಯಾಮ್ ಬಗ್ಗೆ ಕೇಳಿದ್ದೀರಿ. 24 ಮೆಗಾಪಿಕ್ಸೆಲ್ ಫೋಟೊ ಒಂದನ್ನು 32 ಬಿಟ್ ಲೆಕ್ಕದಲ್ಲಿ ಇಟ್ಟುಕೊಳ್ಳಲು ಸುಮಾರು 288 ಎಂಬಿ ಬೇಕು. ಮೂರು ಬಣ್ಣ, ಒಂದೊಂದಕ್ಕೆ 4 ಬೈಟ್. ಮೂರು ಫೋಟೊ ತೆರೆದು, ಜೋಡಿಸಿ, ಬೆರೆಸುವಾಗ ಅದರ ಹಲವು ಪಟ್ಟು ಜಾಗ ಹಿಡಿಯುತ್ತದೆ. ಮೂರರ ಗುಂಪಿಗೆ 8 ಜಿಬಿ ಸಾಕು. ಆ ಹೊತ್ತಿನಲ್ಲಿ ಬ್ರೌಸರ್ ಮುಚ್ಚಿಡಿ. ಏಳು ಫೋಟೊ ಸೇರಿಸಲು ಹೋದರೆ ಲ್ಯಾಪ್‌ಟಾಪ್ ತಿಣುಕುತ್ತದೆ.

ಇನ್ನು ಆರಿಸುವ ಬಗೆ. ನಿಮ್ಮ ಫೋಟೊಗಳಲ್ಲೇ ತೀರಾ ಕಷ್ಟದ ಒಂದು ಗುಂಪನ್ನು ತೆಗೆದುಕೊಳ್ಳಿ. ಬಾಗಿಲಾಚೆ ಬಿಸಿಲು, ಈಚೆ ಕಂಬ, ಹಾಗಿರಲಿ. ಅದೇ ಗುಂಪನ್ನು ಕ್ಯಾನನ್‌ನಲ್ಲೂ ಫೋಟೊಮ್ಯಾಟಿಕ್ಸ್‌ನಲ್ಲೂ ಸೇರಿಸಿ. ಆಮೇಲೆ ನೂರಕ್ಕೆ ನೂರು ದೊಡ್ಡದು ಮಾಡಿ ಬಾಗಿಲ ಚೌಕಟ್ಟನ್ನು ನೋಡಿ. ಕತ್ತಲೆಗೂ ಬಿಸಿಲಿಗೂ ನಡುವೆ ಇರುವ ಆ ಗೆರೆಯಲ್ಲೇ ಸಾಫ್ಟ್‌ವೇರಿನ ಗುಣ ಗೊತ್ತಾಗುವುದು. ಬಿಳಿ ಅಂಚು ಇದೆಯಾ? ನೇರಳೆ ಬಣ್ಣ ಸೋರಿದೆಯಾ? ಕತ್ತಲೆ ಮೂಲೆಯಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕಿ ಇದೆಯಾ? ಕೊನೆಗೆ ಎರಡನ್ನೂ ಪುಸ್ತಕದ ಅಳತೆಯಲ್ಲಿ ಪ್ರಿಂಟ್ ತೆಗೆಸಿ, ಆವನಿಯನ್ನು ಚೆನ್ನಾಗಿ ಬಲ್ಲ ಯಾರಿಗಾದರೂ ತೋರಿಸಿ. ಅಲ್ಲಿಯ ಅರ್ಚಕರಾದರೆ ಇನ್ನೂ ಒಳ್ಳೆಯದು. ದಿನವೂ ಆ ಕಂಬಗಳ ನಡುವೆ ಓಡಾಡುವವರ ಕಣ್ಣಿಗೆ ಯಾವುದು ನಿಜ, ಯಾವುದು ಬಣ್ಣ ಎಂದು ಕೂಡಲೇ ತಿಳಿಯುತ್ತದೆ.

ಮತ್ತೆ ಫೋಟೊ ತೆಗೆಯಲು ಹೋದರೆ ಇಷ್ಟು ನೆನಪಿಡಿ. ರಾ ಫೈಲ್ ಇರಲಿ. ಅಪರ್ಚರ್, ಐಎಸ್‌ಒ, ಫೋಕಸ್ ಮೂರನ್ನೂ ಕೈಯಿಂದಲೇ ಇಟ್ಟುಬಿಡಿ, ಬದಲಾಗುವುದು ಶಟರ್ ಒಂದೇ. ಬೇರೆ ಬೇರೆ ಬೆಳಕಿನಲ್ಲಿ ಸಾಲಾಗಿ ತೆಗೆಯುವ ನಿಮ್ಮ ಕ್ಯಾಮೆರಾದ ಬ್ರಾಕೆಟಿಂಗ್‌ನಲ್ಲಿ ಒಂದು ಫೋಟೊದಿಂದ ಇನ್ನೊಂದಕ್ಕೆ 2 ಸ್ಟಾಪ್ ಅಂತರ ಇಡಬಹುದು. ಜೊತೆಗೆ 2 ಸೆಕೆಂಡಿನ ಟೈಮರ್ ಹಾಕಿದರೆ ಮೂರೂ ಫೋಟೊ ತಾವಾಗಿಯೇ ಒಂದರ ಹಿಂದೆ ಒಂದು ಬೀಳುತ್ತವೆ. ಕೈ ತಾಗುವುದಿಲ್ಲ, ಅದುರುವುದಿಲ್ಲ. ಮೂರು ಸಾಲದ ಜಾಗದಲ್ಲಿ ಮ್ಯಾನ್ಯುಯಲ್‌ಗೆ ಹೋಗಿ 1/500, 1/125, 1/30, 1/8, 1/2, 2 ಸೆಕೆಂಡ್ ಎಂದು ಒಂದೊಂದಾಗಿ ತೆಗೆಯಿರಿ. ಆ ಗುಂಪಿಗೆ ಕ್ಯಾನನ್ ಟೂಲ್ ಆಗದು, ಫೋಟೊಮ್ಯಾಟಿಕ್ಸ್‌ನಂಥದು ಬೇಕು. ಟ್ರೈಪಾಡ್ ಮೇಲಿಟ್ಟಾಗ ಅದುರುವುದನ್ನು ತಡೆಯುವ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಆವನಿಯ ದೇವಸ್ಥಾನಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಮಕ್ಕಳ ಪುಸ್ತಕಕ್ಕೆ ಎಂದು ಬರೆದು ಅರ್ಜಿ ಕೊಡಿ. ಪುಸ್ತಕ ಬಂದಾಗ ನನಗೂ ಒಂದು ಪ್ರತಿ ಬೇಕು ಮೇಷ್ಟ್ರೇ, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ತೆಂಗಿನ ತೋಟದಲ್ಲಿ ಬೆಳಗಿನ ಹೊತ್ತು ಬ್ರಾಕೆಟಿಂಗ್ ಮಾಡಿ ತೆಗೆದೆ. ಸೇರಿಸಿದರೆ ಗರಿಗಳೆಲ್ಲ ಎರಡೆರಡು, ಮೂರು ಮೂರು ಕಾಣುತ್ತಿವೆ. ಸಾಫ್ಟ್‌ವೇರ್ ಬದಲಿಸಲಾ?
— ಓದುಗರು, ತಿಪಟೂರು

ಉತ್ತರ: ಗಾಳಿಗೆ ಗರಿ ಅಲ್ಲಾಡಿದೆ. ಮೂರು ಫೋಟೊದಲ್ಲಿ ಮೂರು ಕಡೆ ಇದೆ. ಸಾಫ್ಟ್‌ವೇರ್ ಮೂರನ್ನೂ ಒಂದರ ಮೇಲೊಂದು ಕೂರಿಸಿದೆ. ಇದಕ್ಕೆ ಗೋಸ್ಟ್ ಅನ್ನುತ್ತಾರೆ. ಅದನ್ನು ತೆಗೆಯುವ ಡಿಗೋಸ್ಟ್ ಸೌಲಭ್ಯ ಲೈಟ್‌ರೂಮಿನಲ್ಲಿ ಕಡಿಮೆ, ಮಧ್ಯಮ, ಜಾಸ್ತಿ ಎಂದು ಮೂರು ಹಂತದಲ್ಲಿ ಇದೆ. ಕಡಿಮೆಯಿಂದ ಶುರು ಮಾಡಿ. ಫೋಟೊಮ್ಯಾಟಿಕ್ಸ್‌ನಲ್ಲಾದರೆ ಅಲ್ಲಾಡಿದ ಜಾಗಕ್ಕೆ ನೀವೇ ಗೆರೆ ಸುತ್ತಿ, ಅಲ್ಲಿಗೆ ಯಾವ ಫೋಟೊ ಬೇಕೆಂದು ಹೇಳಬಹುದು. ಒಂದೆರಡು ಗರಿಗೆ ಇದು ಬಹಳ ಚೆನ್ನ.

ಆದರೆ ತೋಟವೇ ತೂಗುತ್ತಿದ್ದರೆ? ಡಿಗೋಸ್ಟ್ ಮಾಡುವುದೆಂದರೆ ಆ ಜಾಗಕ್ಕೆ ಒಂದೇ ಫೋಟೊವನ್ನು ಬಳಸುವುದು. ಇಡೀ ಫೋಟೊ ಗರಿಯೇ ಆದಾಗ ಎಲ್ಲ ಕಡೆಯೂ ಒಂದೇ ಫೋಟೊ ಆಯಿತಲ್ಲ, ಸೇರಿಸಿದ ಲಾಭ ಏನು ಉಳಿಯಿತು? ಇಂಥ ಕಡೆ ಸೇರಿಸುವ ಆಸೆ ಬಿಡಿ. ಮಂಜಿನ ಬೆಳಗಿನಲ್ಲಿ ಬೆಳಕಿನ ಅಂತರ ಅಷ್ಟೇನೂ ಇರುವುದಿಲ್ಲ. ಕ್ಯಾಮೆರಾದ ಹಿಸ್ಟೋಗ್ರಾಮ್, ಅಂದರೆ ಫೋಟೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟು ಇದೆ ಎಂದು ತೋರಿಸುವ ನಕ್ಷೆ, ನೋಡಿ. ಅದರ ಗುಡ್ಡ ಎರಡು ಬದಿಯ ಗೋಡೆಗೂ ತಾಗದೆ ನಡುವೆ ನಿಂತಿದ್ದರೆ ಒಂದೇ ರಾ ಫೈಲ್ ಸಾಕು. ನೆರಳನ್ನು ಸ್ವಲ್ಪ ಎತ್ತಿದರೆ ಆಯಿತು.

ಪ್ರಶ್ನೆ: ದೇವರಾಯನದುರ್ಗದ ಮೇಲಿಂದ ಸೂರ್ಯಾಸ್ತವನ್ನು ಮೊಬೈಲಿನಲ್ಲೇ ಎರಡು ಮೂರು ಬೆಳಕಿನಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಿದೆ. ಮೊಬೈಲ್ ಕೊಟ್ಟ ಒಂದೇ ಫೋಟೊಗಿಂತ ಕೆಟ್ಟದಾಗಿದೆ. ಏಕೆ?
— ಓದುಗರು, ತುಮಕೂರು

ಉತ್ತರ: ಮೊಬೈಲು ನೀವು ಒಂದು ಸಲ ಒತ್ತಿದರೂ ಒಳಗೊಳಗೇ ಹಲವು ಫೋಟೊ ತೆಗೆದು ಸೇರಿಸಿರುತ್ತದೆ. ಗೂಗಲ್‌ನ ಎಚ್‌ಡಿಆರ್ ಪ್ಲಸ್ ಹೊಸದರಲ್ಲಿ ಮಾಡುತ್ತಿದ್ದ ರೀತಿ ಜಾಣತನದ್ದು. ಬೇರೆ ಬೇರೆ ಬೆಳಕಿನಲ್ಲಿ ತೆಗೆಯದೆ, ಎಲ್ಲವನ್ನೂ ಒಂದೇ ಕಡಿಮೆ ಬೆಳಕಿನಲ್ಲಿ ತೆಗೆಯುತ್ತಿತ್ತು. ಆಗ ಆಕಾಶ ಬಿಳಿಯಾಗುವುದಿಲ್ಲ. ಹಲವನ್ನು ಸರಾಸರಿ ಮಾಡಿದಾಗ ಕತ್ತಲೆ ಭಾಗದ ಚುಕ್ಕಿಗಳೂ ಇಳಿಯುತ್ತವೆ. ಅಂದರೆ ನಿಮ್ಮ ಕೈಗೆ ಬಂದದ್ದು ಆಗಲೇ ಒತ್ತಿ ಕೂರಿಸಿದ ಜೆಪೆಗ್. ಅಂಥ ಮೂರನ್ನು ಸೇರಿಸಿ ಮತ್ತೆ ಒತ್ತಿದ್ದೀರಿ. ಬೆಂದ ಅನ್ನವನ್ನು ಮತ್ತೆ ಕುಕ್ಕರಿಗೆ ಹಾಕಿದರೆ ಮುದ್ದೆಯಾಗುತ್ತದಲ್ಲ, ಹಾಗೆ.

ಕಂಪ್ಯೂಟರಿನಲ್ಲೇ ಸೇರಿಸಬೇಕೆಂದರೆ ಮೊಬೈಲಿನ ಪ್ರೊ ಮೋಡಿಗೆ ಹೋಗಿ, ರಾ ಆನ್ ಮಾಡಿ, ಗೋಡೆಗೋ ಬಂಡೆಗೋ ಒರಗಿಸಿಟ್ಟು ತೆಗೆಯಿರಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಫೋಟೊಗ್ರಫಿ ಹೇಳಿಕೊಡುತ್ತೇನೆ. ಕಂಪ್ಯೂಟರುಗಳಲ್ಲಿ ಲಿನಕ್ಸ್ ಇದೆ. ಖರ್ಚಿಲ್ಲದೆ ಎಚ್‌ಡಿಆರ್ ತೋರಿಸಲು ದಾರಿ ಇದೆಯಾ?
— ಓದುಗರು, ಗೌರಿಬಿದನೂರು

ಉತ್ತರ: ಇದೆ, ಸರ್. ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು.

ಮಕ್ಕಳಿಗೆ ಮೊದಲು ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಡಿ. ಅದರ ಜೊತೆಗೆ ಬಳಸುವ ಎನ್‌ಫ್ಯೂಸ್ ಎಂಬುದು ಫೋಟೊಗಳನ್ನು ಬೆರೆಸುತ್ತದೆ. ಮೇಲೆ ಹೇಳಿದ ಫ್ಯೂಷನ್ ಇದೇ. ಮೆರ್ಟೆನ್ಸ್, ಕೌಟ್ಜ್ ಮತ್ತು ವ್ಯಾನ್ ರೀತ್ 2007ರಲ್ಲಿ ಕೊಟ್ಟ ವಿಧಾನ. ಫೋಟೊದ ಒಂದೊಂದು ಚುಕ್ಕಿಗೂ (ಪಿಕ್ಸೆಲ್) ಮೂರು ಪ್ರಶ್ನೆ ಕೇಳುತ್ತದೆ. ಬೆಳಕು ಹದವಾಗಿದೆಯಾ? ಬಣ್ಣ ತುಂಬಿದೆಯಾ? ವಿವರ ಸ್ಪಷ್ಟವಾಗಿದೆಯಾ? ಯಾವ ಫೋಟೊದ ಚುಕ್ಕಿಗೆ ಹೆಚ್ಚು ಅಂಕ ಬಂದಿತೋ ಅದಕ್ಕೆ ಹೆಚ್ಚು ಪಾಲು. ಅಂಕದ ಲೆಕ್ಕ ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಆಮೇಲೆ ಲ್ಯೂಮಿನೆನ್ಸ್ ಎಚ್‌ಡಿಆರ್ ತೋರಿಸಿ. ಅದರಲ್ಲಿ ರೈನ್‌ಹಾರ್ಡ್, ಡ್ರಾಗೊ, ಫತ್ತಾಲ್, ಮ್ಯಾಂಟಿಯುಕ್ ಎಂದು ಟೋನ್ ಮ್ಯಾಪಿಂಗ್ ವಿಧಾನಗಳ ಸಾಲೇ ಇದೆ. ಎಲ್ಲ ಅದನ್ನು ಕಂಡುಹಿಡಿದವರ ಹೆಸರುಗಳು. ಒಂದೇ ಫೋಟೊವನ್ನು ನಾಲ್ಕರಲ್ಲೂ ಮಾಡಿಸಿ, ಗೋಡೆಗೆ ಅಂಟಿಸಿ, ಯಾವುದು ನಿಮ್ಮ ಕಣ್ಣಿಗೆ ಕಂಡ ಹಾಗಿದೆ ಎಂದು ಮಕ್ಕಳನ್ನೇ ಕೇಳಿ. ರಾ ಫೈಲುಗಳಿದ್ದರೆ ಎಚ್‌ಡಿಆರ್‌ಮರ್ಜ್‌ನಲ್ಲಿ ಸೇರಿಸಿ ರಾ ಥೆರಪಿಯಲ್ಲಿ ತಿದ್ದಬಹುದು. ಡಾರ್ಕ್‌ಟೇಬಲ್‌ನಲ್ಲೂ ಸೇರಿಸಬಹುದು, ಆದರೆ ಅದು ಫೋಟೊಗಳನ್ನು ಒಂದಕ್ಕೊಂದು ಹೊಂದಿಸಿ ಕೂರಿಸುವುದಿಲ್ಲ. ಟ್ರೈಪಾಡ್ ಇಲ್ಲದೆ ತೆಗೆದದ್ದು ಅಲ್ಲಿ ಕೆಡುತ್ತದೆ.

ಮಕ್ಕಳಿಗೆ ಇನ್ನೊಂದು ಕಥೆ ಹೇಳಿ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಆಕಾಶಕ್ಕೆ ಒಂದು ನೆಗೆಟಿವ್, ಸಮುದ್ರಕ್ಕೆ ಒಂದು ನೆಗೆಟಿವ್ ತೆಗೆದು, ಎರಡನ್ನೂ ಸೇರಿಸಿ ಒಂದೇ ಪ್ರಿಂಟ್ ಮಾಡಿದ್ದರು. ಅವರ ಹತ್ತಿರ ಇದ್ದದ್ದು ಗಾಜಿನ ಹಲಗೆಗಳು, ಕತ್ತಲೆ ಕೋಣೆ ಮತ್ತು ಎರಡು ಕೈ.

ಪ್ರಶ್ನೆ: ಕೋಲಾರದ ಸೋಮೇಶ್ವರ ದೇವಸ್ಥಾನದಲ್ಲಿ ತೆಗೆದ ಒಂದೇ ಒಂದು ಜೆಪೆಗ್ ಇದೆ. ಅದನ್ನೇ ಕಂಪ್ಯೂಟರಿನಲ್ಲಿ ಬೆಳಗಿಸಿ ಒಂದು, ಕಪ್ಪಾಗಿಸಿ ಒಂದು ಮಾಡಿ, ಮೂರನ್ನೂ ಸೇರಿಸಿದರೆ ಎಚ್‌ಡಿಆರ್ ಆಗುತ್ತದಾ?
— ಓದುಗರು, ಕೋಲಾರ

ಉತ್ತರ: ಆಗುವುದಿಲ್ಲ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಆಕಾಶ ಕೊನೆಯ ಮೆಟ್ಟಿಲು ಮುಟ್ಟಿ ಬಿಳಿಯಾಗಿದ್ದರೆ ಅಲ್ಲಿ ಮೋಡದ ಗುರುತು ಏನೂ ಉಳಿದಿರುವುದಿಲ್ಲ. ಕಪ್ಪಾಗಿಸಿದರೆ ಆ ಬಿಳಿ ಬೂದಿ ಬಣ್ಣವಾಗುತ್ತದೆ, ಮೋಡ ಬರುವುದಿಲ್ಲ. ಮೂರು ಪ್ರತಿ ಮಾಡಿದರೂ ಬೆಳಕು ಒಂದೇ ಸಲ ಬಿದ್ದದ್ದು.

ದೇವಸ್ಥಾನ ನಿಮ್ಮ ಊರಿನಲ್ಲೇ ಇದೆ. ಈ ಭಾನುವಾರ ಬಿಸಿಲು ಏರುವ ಮೊದಲು ಹೋಗಿ, ಮೂರು ತೆಗೆದುಕೊಂಡು ಬನ್ನಿ.